ಧೂಳಿಲ್ಲದ ಕೋಣೆ

ಜುಲೈ ೩, ಗುರುವಾರ. ಪೆನಾಂಗ್

ಬಂದು ತಲುಪಿದೆ. ವಿಮಾನ ನಿಲ್ದಾಣದಿಂದ ಅಪ್ಪನ ತಂಗಿ ವಾರಿಜತ್ತೆಯ ಮನೆ ಕೂಗಳತೆ ದೂರ. ಅಷ್ಟರೊಳಗೇ ಅನಂತಕೃಷ್ಣ ಮಾವ ಮಲೇಷ್ಯಾವನ್ನೂ ಸಿಂಗಾಪುರವನ್ನೂ ಮೂರು ನಾಲ್ಕು ಸಲ ತಕ್ಕಡಿಗೆ ಹಾಕಿ ತೂಗಿದರು. ಅಲ್ಲಿ ಬಾಡಿಗೆ ಕೇಳಿದರೆ ಎದೆ ಒಡೆಯುತ್ತದಂತೆ, ಇಲ್ಲಿ ಕಾರಿಲ್ಲದಿದ್ದರೆ ಕಾಲೇ ಇಲ್ಲವಂತೆ. ಅಲ್ಲಿ ಎಲ್ಲದಕ್ಕೂ ದಂಡ, ಇಲ್ಲಿ ಎಲ್ಲದಕ್ಕೂ "ಕ್ಯಾನ್ ಲಾ", ಆಗುತ್ತದೆ ಬಿಡು ಎಂದು. ಹೌದಾ ಮಾವ, ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಮುಂದಿನ ಹೋಲಿಕೆಗೆ ಹೋಗಿರುತ್ತಿದ್ದರು. ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಹೇಳಿಕೊಡುವವರು ಅವರು. ಹೆಣದ ಮುಂದೆ ಪಾಠ ಮಾಡಿ ಮಾಡಿ, ಎದುರಿಗಿದ್ದವರು ಮಾತಾಡುತ್ತಾರೆಂಬ ನಂಬಿಕೆಯೇ ಹೋಗಿರಬೇಕು.

ನಾನು ಇಲ್ಲಿಗೆ ಯಾಕೆ ಬಂದೆ ಎಂದು ನನಗೇ ಒಮ್ಮೆ ಬರೆದುಕೊಳ್ಳುತ್ತೇನೆ. ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮುಗಿಯಿತು. ಸಿಂಗಾಪುರದಲ್ಲಿ ಎಂ.ಎಸ್ಸಿ.ಗೆ ಸೀಟು ಸಿಕ್ಕಿದೆ, ಜನವರಿಗೆ ಶುರು. ಬರುತ್ತೇನೋ ಇಲ್ಲವೋ ಎಂದು ಇಪ್ಪತ್ತಮೂರನೇ ತಾರೀಕಿನೊಳಗೆ ಹೇಳಬೇಕು. ಇಲ್ಲಿ ಅತ್ತೆಯ ಕಾಂಡೋದ ಕೆಳಗಿನ ಮಹಡಿಯಲ್ಲಿರುವ ಬೆಂಗಳೂರಿನ ಸುಜಿತ್, ಬಯಾನ್ ಲೆಪಾಸ್‌ನ ಒಂದು ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರ್. ಅವರಲ್ಲಿ ಟ್ರೈನಿಗಳನ್ನು ತೆಗೆದುಕೊಳ್ಳುತ್ತಾರಂತೆ. "ಒಂದು ತಿಂಗಳು ಎಲ್ಲ ನೋಡಿಕೊಂಡು ಬಾ, ಆಮೇಲೆ ನಿನ್ನಿಷ್ಟ" ಎಂದು ಅಪ್ಪ ಟಿಕೆಟ್ ಮಾಡಿಸಿದರು.

ನಿನ್ನಿಷ್ಟ! ಇಪ್ಪತ್ತೆರಡು ವರ್ಷ ನನ್ನ ಜಡೆಯ ರಿಬ್ಬನ್ನಿನ ಬಣ್ಣವನ್ನೂ ಕೇಳದೆ ತಂದವರು ಈಗ ಒಂದು ದೇಶವನ್ನೇ ಆರಿಸಿಕೋ ಎನ್ನುತ್ತಾರೆ. ಬೇಡ ಎಂದಿದ್ದರೆ ಹಠ ಮಾಡಬಹುದಿತ್ತು. ಹಠ ಮಾಡುವುದು ನನಗೆ ಚೆನ್ನಾಗಿ ಬರುತ್ತದೆ.

ಜುಲೈ ೬, ಭಾನುವಾರ

ಮಧ್ಯಾಹ್ನ ಊಟಕ್ಕೆ ಮಣಿಪಾಲದ ಕಡೆಯ ಎರಡು ಡಾಕ್ಟರ್ ಕುಟುಂಬಗಳು ಬಂದಿದ್ದವು. ಪಾಯಸ ಮುಗಿಯುವುದರೊಳಗೆ ನನ್ನ ಭವಿಷ್ಯವನ್ನು ನಾಲ್ಕು ಕಡೆ ಹಂಚಿದರು. ಸಿಂಗಾಪುರದಲ್ಲಿ ಓದಿ ಮಲೇಷ್ಯಾದಲ್ಲಿರು. ಮಲೇಷ್ಯಾದಲ್ಲಿ ದುಡಿದು ಸಿಂಗಾಪುರದಲ್ಲಿ ಓದು. ಎರಡೂ ಬೇಡ, ಥಾಯ್ಲೆಂಡ್‌ನಲ್ಲಿ ಈಗ ಕಾರ್ಖಾನೆಗಳು ಬರುತ್ತಿವೆ. ವಿಯೆಟ್ನಾಮ್ ಮರೆಯಬೇಡ. ಕೊನೆಗೆ ಎಲ್ಲರೂ ಒಟ್ಟಿಗೆ, "ಏನೇ ಇರ್ಲಿ, ನಿನ್ನಿಷ್ಟ" ಎಂದರು.

ಅತ್ತೆಯ ಮಗಳು ಅನನ್ಯ ಹದಿನೈದರವಳು, ಇಲ್ಲಿಯೇ ಹುಟ್ಟಿದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ನಿನ್ನ ಅಭಿಪ್ರಾಯ ಏನೇ?" ಎಂದು ಕೇಳಿದೆ. "ಅಕ್ಕಾ, ವೇರ್ ದ ಫುಡ್ ಈಸ್ ಗುಡ್, ಗೋ ದೇರ್ ಲಾ" ಎಂದಳು. ಈವರೆಗೆ ಸಿಕ್ಕಿದ ಸಲಹೆಗಳಲ್ಲಿ ಅರ್ಥವಾದದ್ದು ಇದೊಂದೇ.

ಅತ್ತೆ ಮಾತ್ರ ಬಡಿಸುತ್ತಲೇ ಇದ್ದರು.

ಜುಲೈ ೮, ಮಂಗಳವಾರ. ಕ್ವಾಲಾಲಂಪುರ

ಮಾವನ ಒತ್ತಾಯಕ್ಕೆ ಸೈಬರ್‌ಜಯಾದ ಡೇಟಾ ಸೆಂಟರ್ ನೋಡಿ ಬಂದೆ. ಅವರ ಪರಿಚಯದ ಸ್ವರೂಪ್ ಎಂಬ ಮೈಸೂರಿನವರು ತೋರಿಸಿದರು. ಚಳಿ, ಗುಂಯ್ ಎನ್ನುವ ಸದ್ದು, ಉದ್ದಕ್ಕೂ ಕಪ್ಪು ಕಪಾಟುಗಳು. ಇಡೀ ಮಹಡಿಗೆ ಇಬ್ಬರು ಮನುಷ್ಯರು. "ಏನೂ ಆಗದೇ ಇರೋ ಹಾಗೆ ನೋಡ್ಕೊಳೋದೇ ನಮ್ಮ ಕೆಲಸ ರೀ" ಎಂದರು ಅವರು. ಒಳ್ಳೆಯ ಕೆಲಸವೇ ಇರಬೇಕು. ನನಗೆ ಯಾರದೋ ಮನೆಯ ಫ್ರಿಜ್ಜಿನೊಳಗೆ ಸಿಕ್ಕಿಕೊಂಡ ಹಾಗಾಯಿತು. ಸಿಂಗಾಪುರವೇ ಸರಿ ಎಂದು ಮನಸ್ಸು ಮಾಡಿದೆ. ಹಿಂದಿರುಗುವ ರೈಲಿನಲ್ಲಿ ಮತ್ತೆ ಸರಿ ಅನಿಸಲಿಲ್ಲ.

ಜುಲೈ ೧೧, ಶುಕ್ರವಾರ

ಇವತ್ತಿನದನ್ನು ಇವತ್ತೇ ಬರೆಯಬೇಕು. ನಾಳೆಯಾದರೆ ನನ್ನ ತಪ್ಪನ್ನು ನಾನೇ ಅಲ್ಲಿ ಇಲ್ಲಿ ಸವರಿ ಚಂದ ಮಾಡಿಬಿಡುತ್ತೇನೆ.

ಸುಜಿತ್ ಕೆಲಸ ಮಾಡುವ ಕಾರ್ಖಾನೆಯವರು, ಟ್ರೈನಿಯಾಗಲು ಆಸೆಯಿದ್ದವರು ಒಂದು ದಿನ ಒಳಗೆ ನಿಂತು ನೋಡಲಿ ಎಂದು ಕರೆದಿದ್ದರು. ಬೆಳಿಗ್ಗೆ ಅತ್ತೆ ಶುಕ್ರವಾರದ ಪೂಜೆ ಮುಗಿಸಿ ಬಾಗಿಲ ತನಕ ಬಂದರು, ಕೈಯಲ್ಲಿ ಕುಂಕುಮದ ಬಟ್ಟಲು. ನಾನು ಶೂ ಲೇಸು ಕಟ್ಟಿ ಎದ್ದೆ. ಅವರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಬೆರಳು ಅದ್ದಿ, ಹಣೆಯ ಮೇಲ್ಭಾಗದಲ್ಲಿ, ಕೂದಲಿನ ಅಂಚಿಗೆ ತಾಗುವ ಹಾಗೆ ಧಾರಾಳವಾಗಿ ಇಟ್ಟರು. "ಹೋಗಿ ಬಾ" ಎಂದರು.

ಚಿಪ್ಪಿನ ಕೆಲಸ ನಡೆಯುವ ಕೋಣೆಯಲ್ಲಿ ಧೂಳು ಇರಬಾರದು. ನಮ್ಮ ಮನೆಯಲ್ಲಿ ಧೂಳಿಲ್ಲ ಎನ್ನುತ್ತೇವಲ್ಲ, ಆ ಲೆಕ್ಕವಲ್ಲ. ಕಣ್ಣಿಗೆ ಕಾಣದ ಒಂದು ಕಣ ಬಿದ್ದರೂ ಚಿಪ್ಪು ಸತ್ತ ಹಾಗೆ. ಅದಕ್ಕೇ ಸುಜಿತ್ ಮೊದಲೇ ಹೇಳಿದ್ದರು: ಸೆಂಟು ಬೇಡ, ಪೌಡರ್ ಬೇಡ, ನೇಲ್ ಪಾಲಿಶ್ ಬೇಡ. ನಾನು ಇವ್ಯಾವುದನ್ನೂ ಮುಟ್ಟುವವಳೇ ಅಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲರಿಗಿಂತ ಮೊದಲು ತಲೆಗೆ ಬಲೆ ಟೋಪಿ ಎಳೆದುಕೊಂಡೆ, ಹುಬ್ಬಿನವರೆಗೆ. ಗೋಡೆಯ ಮೇಲಿನ ಪರದೆ ಕೇಳಿತು: ಮೇಕಪ್ ಏನಾದರೂ ಇದೆಯೇ? ಇಲ್ಲ ಎಂದು ಒತ್ತಿದೆ. ಸ್ವಲ್ಪ ಹೆಮ್ಮೆಯಿಂದಲೇ ಒತ್ತಿದೆ. ಪಕ್ಕದಲ್ಲಿದ್ದ ಚೀನೀ ಹುಡುಗಿ ತುಟಿಯ ಬಣ್ಣ ಒರೆಸುತ್ತಾ ನಿಂತಿದ್ದಳು.

ಸುಳ್ಳು ಹೇಳಲಿಲ್ಲ ನಾನು. ಕುಂಕುಮ ಮೇಕಪ್ ಎಂದು ಯಾರಿಗಾದರೂ ಹೊಳೆಯುತ್ತದೆಯೇ? ಸ್ನಾನವಾದ ಮೇಲೆ ಹಣೆ ಎಂದರೇ ಕುಂಕುಮ ಇರುವ ಹಣೆ.

ಮೇಲೆ ಬಿಳಿಯ ನಿಲುವಂಗಿ, ಮುಸುಕು, ಮಾಸ್ಕು, ಗ್ಲೌಸು. ಒಳಗೆ ಹೋದೆವು. ಅಲ್ಲಿ ಒಂದು ಯಂತ್ರ ಚಿನ್ನದ ತಂತಿಯಿಂದ ಚಿಪ್ಪನ್ನು ಅದರ ಕಾಲುಗಳಿಗೆ ಹೊಲಿಯುತ್ತದೆ. ಕೂದಲಿಗಿಂತ ತೆಳ್ಳಗಿನ ತಂತಿ. ಕಣ್ಣು ಮಿಟುಕಿಸುವಷ್ಟರಲ್ಲಿ ಎಷ್ಟೋ ಹೊಲಿಗೆ ಮುಗಿದಿರುತ್ತದೆ, ಒಂದೊಂದೂ ಒಂದೇ ಎತ್ತರಕ್ಕೆ ಬಾಗಿ ನಿಂತಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದೆ. ನಾಲ್ಕು ವರ್ಷ ಪುಸ್ತಕದಲ್ಲಿ ಓದಿ, ಪರೀಕ್ಷೆಯಲ್ಲಿ ಚಿತ್ರ ಬರೆದು ಅಂಕ ತೆಗೆದದ್ದು ಇದೇ. ಹೀಗಿರುತ್ತದೆಂದು ಯಾರೂ ಹೇಳಿರಲಿಲ್ಲ. ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಹಿಂದಿನವರು ಕೆಮ್ಮಿದರು.

ಬಗ್ಗಿ ನೋಡುವಾಗ ಹಣೆ ಬೆವರಿ ನವೆಯಾಯಿತು. ಮುಸುಕಿನೊಳಗೆ ಬೆರಳು ತೂರಿಸಿ ಕೆರೆದುಕೊಂಡೆ. ಆಮೇಲೆ ಚಿಪ್ಪುಗಳ ತಟ್ಟೆಯನ್ನು ಹಿಡಿದು ನೋಡು ಎಂದು ಕೊಟ್ಟರು, ಹಿಡಿದೆ.

ಆ ಸಾಲಿನ ಮೇಲ್ವಿಚಾರಕಿ ರೊಹಾನಾ. ಎಲ್ಲರೂ ಅಕ್ಕ ಎನ್ನುವ ಅರ್ಥದಲ್ಲಿ ಕಾಕ್ ರೊಹಾನಾ ಎನ್ನುತ್ತಾರೆ. ತಟ್ಟೆಯ ಮೇಲೆ ಕೆಂಪು ಕಣ ಕಂಡವರು ಅವರೇ. ಎಲ್ಲರೂ ಕೈ ತೋರಿಸಿ ಎಂದರು. ನನ್ನ ಗ್ಲೌಸಿನ ಬೆರಳ ತುದಿ ಕೆಂಪಗಿತ್ತು. ಆ ಸಾಲಿನ ಯಂತ್ರಗಳನ್ನೆಲ್ಲ ನಿಲ್ಲಿಸಿದರು. ತಟ್ಟೆ ಕಸಕ್ಕೆ ಹೋಯಿತು. ನಮ್ಮನ್ನೆಲ್ಲ ಹೊರಗೆ ಕಳಿಸಿ ಒರೆಸುವುದಕ್ಕೆ ಶುರು ಮಾಡಿದರು. ಗಾಜಿನ ಹೊರಗೆ ನಿಂತು ನಾನು ನೋಡಬೇಕಾಯಿತು.

ಕಾಕ್ ರೊಹಾನಾ ಬೈದಿದ್ದರೆ ಚೆನ್ನಾಗಿತ್ತು. "ಅವರ್ ಇಂಡಿಯನ್ ಗರ್ಲ್ಸ್ ಆಲ್ ರಿಮೂವ್ ಅಟ್ ದ ಗೇಟ್, ಅಡಿಕ್. ನೋಬಡಿ ಟೋಲ್ಡ್ ಯು, ಆ?" ಎಂದರು. ಅಡಿಕ್ ಎಂದರೆ ತಂಗಿ. ಅಲ್ಲೇ ಕೆಲಸ ಮಾಡುವ ಕೋಮತಿ ಎಂಬ ತಮಿಳು ಹೆಂಗಸು ಟಿಶ್ಯೂ ಒದ್ದೆ ಮಾಡಿ ಕೊಟ್ಟಳು. ಬಹಳ ವರ್ಷದಿಂದ ಇಲ್ಲಿರುವ ಅತ್ತೆಯ ಮನೆಯಲ್ಲಿದ್ದೇನೆಂದು ಬೆಳಿಗ್ಗೆ ಅವಳಿಗೆ ಹೇಳಿದ್ದೆ. "ಉಂಗ ಅತ್ತೈ ಇತ್ತನೈ ವರುಷಮಾ ಇಂಗೇ ಇರುಕ್ಕಾಂಗ, ಸೊಲ್ಲಲಿಯಾ?" ನನ್ನ ತಮಿಳು ತರಕಾರಿ ಕೊಳ್ಳುವಷ್ಟೇ, ಆದರೂ ತಿಳಿಯಿತು. ಇಷ್ಟು ವರ್ಷದಿಂದ ಇಲ್ಲಿರುವ ನಿನ್ನ ಅತ್ತೆ ಹೇಳಲಿಲ್ಲವೇ ಎಂದು ಕೇಳಿದಳು. ಅವರಿಗೆ ಹೇಗೆ ಗೊತ್ತಿರಬೇಕು, ಎಂದೆ.

ಹೊರಡುವಾಗ ಕಾಕ್ ರೊಹಾನಾ ಹೇಳಿದರು: ಇಪ್ಪತ್ತೊಂದಕ್ಕೆ ಒಂದು ಗುಂಪು ಇಡೀ ವಾರ ಬಂದು ಕೆಲಸ ಕಲಿಯುತ್ತದೆ. ಟ್ರೈನಿಗಳನ್ನು ಅದರಿಂದಲೇ ಆರಿಸುತ್ತಾರೆ. ಬರಬೇಕೆನಿಸಿದರೆ ಬಾ.

ಕಾರಿನಲ್ಲಿ ಸುಜಿತ್, "ಅಲ್ಲಾರೀ ದೀಕ್ಷಿತಾ, ಸೆಂಟ್ ಬೇಡ ಅಂದೆ, ಪೌಡರ್ ಬೇಡ ಅಂದೆ. ಕುಂಕುಮ ಅಂತ ನಂಗ್ ಹೊಳೀಲೇ ಇಲ್ಲ ನೋಡಿ. ನಾವು ಗಂಡಸ್ರು ಅದನ್ನೆಲ್ಲ ಎಲ್ಲಿ ಯೋಚ್ನೆ ಮಾಡ್ತೀವಿ?" ಎಂದರು. ಅವರ ಹೆಸರೂ ನನ್ನ ಜೊತೆ ಕೆಟ್ಟಿತು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರ ಮುಖ ಬಿಳಚಿಕೊಂಡಿತು. ಪಾಪ, ಒಳ್ಳೆಯದಾಗಲೆಂದು ಹಚ್ಚಿದ್ದು ಹೀಗಾಯಿತಲ್ಲ ಎಂದು ನಾನೇ ಸಮಾಧಾನ ಮಾಡಿದೆ. "ತಲೆ ನೋಯ್ತಾ ಉಂಟು" ಎಂದು ಊಟಕ್ಕೂ ಬರಲಿಲ್ಲ.

ಜುಲೈ ೧೨, ಶನಿವಾರ

ಸಿಂಗಾಪುರ. ಸಿಂಗಾಪುರವೇ. ಮುಗಿಯಿತು. ಮಲೇಷ್ಯಾದ ಮುಖ ನೋಡಲು ನಾಚಿಕೆ.

ಜುಲೈ ೧೫, ಮಂಗಳವಾರ. ಸಿಂಗಾಪುರ

ಶ್ರೀಯಾಳ ಕೋಣೆಯಲ್ಲಿದ್ದೇನೆ. ಕಾಲೇಜಿನಲ್ಲಿ ನನಗಿಂತ ಒಂದು ವರ್ಷ ಮುಂದಿದ್ದಳು, ಈಗ ನಾನು ಸೇರಬೇಕಾದ ಕೋರ್ಸಿನಲ್ಲೇ ಓದುತ್ತಿದ್ದಾಳೆ. ಮನೆಯೊಡತಿಯ ನಿಯಮಗಳು ಬಾಗಿಲ ಹಿಂದೆ ಅಂಟಿಕೊಂಡಿವೆ. ಒಗ್ಗರಣೆ ಹಾಕುವ ಹಾಗಿಲ್ಲ. ಸಾಸಿವೆ ಚಟಪಟ ಎಂದರೆ ಆಕೆ ಬಂದು ಬಾಗಿಲು ತಟ್ಟುತ್ತಾಳೆ. ಉಳಿದಂತೆ ಈ ಊರಿನಲ್ಲಿ ತಪ್ಪು ಹುಡುಕಿದರೆ ಹುಡುಕಿದವರ ಬಾಯಿ ನೋಯಬೇಕು. ಬಸ್ಸು ಹೇಳಿದ ಹೊತ್ತಿಗೆ ಬರುತ್ತದೆ. ಯಾರೂ ಯಾರನ್ನೂ ತಳ್ಳುವುದಿಲ್ಲ. ಪೆನಾಂಗಿನಲ್ಲಿ ಕಾಲುದಾರಿ ಇದ್ದಕ್ಕಿದ್ದಂತೆ ಚರಂಡಿಯಲ್ಲಿ ಮುಗಿಯುತ್ತದೆ, ಇಲ್ಲಿ ಕಾಲುದಾರಿಗೂ ಮೇಲೆ ಸೂರಿದೆ.

ಎಲ್ಲವೂ ಸರಿಯಿದೆ. ಹಾಗಿದ್ದೂ ಸರಿ ಅನಿಸುತ್ತಿಲ್ಲ. ಇದೆಂಥ ಹುಚ್ಚು?

ವಿಶ್ವವಿದ್ಯಾಲಯದ ಲ್ಯಾಬ್ ತೋರಿಸಿದಳು. ಗಾಜಿನ ಆಚೆ ಅದೇ ಹೊಲಿಯುವ ಯಂತ್ರ! ಗುರುತಿನವರು ಸಿಕ್ಕಿದ ಹಾಗೆ ನಾನು ಕೈಯೆತ್ತಿದೆ, ಶ್ರೀಯಾ ನಕ್ಕಳು. ಇವಳ ಕೋರ್ಸಿನವರು ಅದನ್ನು ಮುಟ್ಟಿಲ್ಲವಂತೆ. ಸಂಶೋಧನೆ ಮಾಡುವವರಿಗೆ ಮಾತ್ರವಂತೆ. ನಮ್ಮಲ್ಲಿ ಹೊಸಬರಿಗೂ ತಟ್ಟೆ ಕೈಗೆ ಕೊಡುತ್ತಾರೆ, ಎಂದೆ.

ಸಂಜೆ ಅವಳ ಸ್ನೇಹಿತ ಚೇತನನೂ ಊಟಕ್ಕೆ ಸೇರಿದ. ನೀನು ಮುಂದೆ ಏನು ಮಾಡಬೇಕೆಂದಿದ್ದೀಯ ಎಂದು ಕೇಳಿದ. ಗೊತ್ತಿಲ್ಲ ಎಂದೆ. ಆಮೇಲೆ ಚಿನ್ನದ ತಂತಿ ಯಾಕೆ ಅಷ್ಟೇ ಎತ್ತರಕ್ಕೆ ಬಾಗಬೇಕು, ಇನ್ನೂ ತಗ್ಗಿದರೆ ಏನಾಗುತ್ತದೆ, ಗಾಳಿ ಯಾಕೆ ಮೇಲಿಂದ ಕೆಳಗೇ ಬೀಸಬೇಕು, ಒಂದು ಕುಂಕುಮದ ಕಣ ಚಿಪ್ಪಿನ ಮೇಲೆ ಬಿದ್ದರೆ ಅದರ ಗಾತ್ರಕ್ಕೆ ಎಷ್ಟು ದೊಡ್ಡ ಬಂಡೆ ಎಂದೆಲ್ಲ ಹೇಳಿದೆ. ನನ್ನ ಅವಮಾನದ ಕಥೆಯನ್ನೂ ಹೇಳಿದೆ. ನೂಡಲ್ಸ್ ತಣ್ಣಗಾಯಿತು.

"ಲೇ, ಬಂದಾಗಿನಿಂದ ಬರೀ ಆ ಫ್ಯಾಕ್ಟರಿ ಬಗ್ಗೆನೇ ಮಾತಾಡ್ತಿದೀಯಲ್ಲೇ" ಎಂದಳು ಶ್ರೀಯಾ.

ಹೋಲಿಕೆಗೆ ಹೇಳಿದೆ ಅಷ್ಟೆ. ಎರಡೂ ಕಡೆ ತೂಗದೆ ಆರಿಸುವುದು ಹೇಗೆ? ಇವಳಿಗೆ ಎಲ್ಲದರಲ್ಲೂ ತಮಾಷೆ.

ಜುಲೈ ೧೭, ಗುರುವಾರ. ಬಸ್ಸಿನಲ್ಲಿ

ಎರಡು ದೇಶಗಳ ನಡುವೆ ಒಂದು ಸೇತುವೆ. ಮಲೇಷ್ಯಾ ದಡದ ಜೊಹೋರ್ ಕಡೆಗೆ ಹೋಗುವ ಸಾಲಿನಲ್ಲಿ ಪಾಸ್‌ಪೋರ್ಟ್ ಹಿಡಿದು ನಿಂತಾಗ ಪಕ್ಕದಲ್ಲಿ ಮಲೇಷ್ಯಾದ ತಮಿಳು ಹೆಂಗಸೊಬ್ಬಳು, ಹೆಗಲಿಗೆ ಊಟದ ಚೀಲ. ಬೆಳಗಾಗುವ ಮುಂಚೆ ಈ ಸೇತುವೆ ದಾಟಿ ಸಿಂಗಾಪುರಕ್ಕೆ ಕೆಲಸಕ್ಕೆ ಹೋಗುತ್ತಾಳೆ, ಸಂಜೆ ದಾಟಿ ಮನೆಗೆ ಬರುತ್ತಾಳೆ. ಸಾವಿರಾರು ಜನ ಹೀಗೆಯೇ, ಬೈಕುಗಳ ಸಾಲಿಗೆ ಕೊನೆಯೇ ಕಾಣಲಿಲ್ಲ. ಇವರನ್ನೇ ಕೇಳಬೇಕಾದದ್ದು ಎಂದುಕೊಂಡು, ಯಾವ ದೇಶ ಒಳ್ಳೆಯದು ಎಂದು ಇಂಗ್ಲಿಷಿನಲ್ಲಿ ಕೇಳಿದೆ.

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಸ್ಯಾಲರಿ ದಟ್ ಸೈಡ್, ಸ್ಲೀಪ್ ದಿಸ್ ಸೈಡ್. ವೈ ಯು ಆಸ್ಕ್? ಯು ಗಾಟ್ ವರ್ಕ್ ಆರ್ ನೋ ವರ್ಕ್?" ಎಂದಳು.

ಉತ್ತರ ಕೊಡುವುದರೊಳಗೆ ಸಾಲು ಮುಂದೆ ಸರಿಯಿತು.

ಜುಲೈ ೧೮, ಶುಕ್ರವಾರ. ಪೆನಾಂಗ್

ಸಂಜೆ ಮಾವ ಮಾಮಾಕ್ ಎನ್ನುವ ತಮಿಳು ಮುಸ್ಲಿಮರ ಅಂಗಡಿಗೆ ಟೀ ಕುಡಿಯಲು ಕರೆದುಕೊಂಡು ಹೋದರು. ಸಿಂಗಾಪುರದ ವರದಿ ಒಪ್ಪಿಸಿದೆ. ಅವರು ಥಾಯ್ಲೆಂಡಿಗೆ ದಾಟುವ ಮೊದಲೇ ಮಾತು ತಿರುಗಿಸಲು, "ಪಾಪ ಅತ್ತೆ, ಕಾರ್ಖಾನೆಯ ಒಳಗೆ ಹೇಗಿರುತ್ತದೆಂದು ಅವರಿಗೆ ಗೊತ್ತಿದ್ದಿದ್ದರೆ ಹೀಗಾಗುತ್ತಿರಲಿಲ್ಲ" ಎಂದೆ.

"ಗೊತ್ತಿಲ್ಲದ್ದೆಂತ? ಅವಳು ಎರಡು ವರ್ಷ ಅಲ್ಲೇ ಕೆಲಸ ಮಾಡಿದವಳಲ್ಲ ಮಾರಾಯ್ತಿ. ಅದೇ ರೋಡಿನ ಇನ್ನೊಂದು ಫ್ಯಾಕ್ಟರಿಯಲ್ಲಿ. ನಿನಗೆ ಹೇಳ್ಲಿಲ್ವಾ?" ಎಂದು ಮಾವ ಇನ್ನೊಂದು ಟೀಗೆ ಕೈಯೆತ್ತಿದರು.

ಹೇಳಲಿಲ್ಲ.

ಕೋಮತಿಯ ಪ್ರಶ್ನೆ ನೆನಪಾಯಿತು. ಮರೆತಿರಬಹುದು. ಎಷ್ಟೋ ವರ್ಷವಾಯಿತು. ಆದರೆ ಗೇಟಿನಲ್ಲಿ ದಿನಾ ಹಣೆ ಒರೆಸಿಕೊಂಡವರು ಅದನ್ನು ಮರೆಯುತ್ತಾರೆಯೇ? ಮರೆಯದಿದ್ದರೆ, ಯಾಕೆ?

ಜುಲೈ ೧೯, ಶನಿವಾರ

ಕೇಳಲಿಲ್ಲ. ಅವರು ಮಾಡಿದ ದೋಸೆ ತಿಂದೆ. ದೋಸೆ ತಿನ್ನುತ್ತಾ ಒಬ್ಬರನ್ನು ಅನುಮಾನಿಸುವುದು ಕಷ್ಟ. ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ. ಊರಿಗೆ ಹೋಗಿಬಿಡೋಣ ಅನಿಸುತ್ತಿದೆ, ಯಾವ ದೇಶವೂ ಬೇಡ.

ಜುಲೈ ೨೦, ಭಾನುವಾರ

ಕೇಳಿದೆ.

ಅತ್ತೆ ಹಿಂದಿನ ಅಡುಗೆಮನೆಯಲ್ಲಿ ಕಾಂಗ್‌ಕುಂಗ್ ಸೊಪ್ಪು ಬಿಡಿಸುತ್ತಿದ್ದರು. ಮಾವ ಅನನ್ಯಳನ್ನು ಟ್ಯೂಷನ್ನಿಗೆ ಬಿಡಲು ಹೋಗಿದ್ದರು.

"ಅತ್ತೆ, ಕುಂಕುಮ ಇಡಬಾರದು ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು" ಎಂದರು, ಸೊಪ್ಪಿನಿಂದ ಕೈ ತೆಗೆಯದೆ. "ನೀನು ಕೇಳ್ತಿ ಅಂತಲೂ ಗೊತ್ತಿತ್ತು."

"ಮತ್ತೆ ಯಾಕೆ ಇಟ್ಟಿರಿ?"

"ಅಣ್ಣ ಫೋನ್ ಮಾಡಿದ್ದ. ಸಿಂಗಾಪುರ ಅಂದ್ರೆ ನಾಲ್ಕು ಜನಕ್ಕೆ ಗೊತ್ತು, ಪೆನಾಂಗ್ ಅಂದ್ರೆ ಎಲ್ಲಿ ಅಂತ ಕೇಳ್ತಾರೆ, ನಾನು ಹೇಳಿದ್ರೆ ಅವಳು ಹಠ ಮಾಡ್ತಾಳೆ, ನೀನೇ ಸ್ವಲ್ಪ ಆ ಕಡೆ ತಿರುಗಿಸು ಅಂತ. ಆಯ್ತು ಅಂದೆ." ನನ್ನ ಅಪ್ಪ ದಾಮೋದರ, ನಿನ್ನಿಷ್ಟ ಎಂದು ಟಿಕೆಟ್ ಮಾಡಿಸಿದ ಅಪ್ಪ! ಬೆಂಕಿ ಬಿದ್ದ ಹಾಗಾಯಿತು ನನಗೆ. ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ತಡೆದರು. "ಇಲ್ಲ, ನಿಲ್ಲು. ಅಣ್ಣ ಹೇಳಿದ್ದಕ್ಕೆ ಇಟ್ಟದ್ದಲ್ಲ. ಹಾಗೆ ಹೇಳಿದ್ರೆ ನನಗೆ ಸುಲಭ."

ಆಮೇಲೆ ಹೇಳಿದರು. ಮದುವೆಯಾಗಿ ಬಂದ ವರ್ಷವೇ ಕೆಲಸಕ್ಕೆ ಸೇರಿದ್ದಂತೆ, ಫಿಸಿಕ್ಸ್‌ ಡಿಗ್ರಿ ಇತ್ತು. ಕರಿಮಣಿ, ಬಳೆ ಎಲ್ಲ ಗೇಟಿನ ಬಳಿ ಬಿಚ್ಚಿ ಡಬ್ಬಿಗೆ ಹಾಕಿ, ಹಣೆ ಒರೆಸಿಕೊಂಡು ಒಳಗೆ ಹೋಗುವುದು.

"ನಮ್ಮತ್ತೆ ಆರು ತಿಂಗಳು ಇರ್ಲಿಕ್ಕೆ ಊರಿಂದ ಬಂದಿದ್ರು. ಒಂದಿನ ಡಬ್ಬಿ ಕೈಯಲ್ಲೇ ಹಿಡ್ಕೊಂಡು ಕಂಪನಿ ಬಸ್ಸಿಂದ ನಾನು ಇಳಿಯುವಾಗ ನೋಡಿದ್ರು. ಕುತ್ತಿಗೆ ಖಾಲಿ, ಹಣೆ ಖಾಲಿ. ನನಗೆ ಎಂತದೂ ಹೇಳ್ಲಿಲ್ಲ. ಆದ್ರೆ ಅವತ್ತಿಂದ ನಾನು ಬಡಿಸಿದ್ದು ಉಣ್ಲಿಲ್ಲ. ಬೋಳು ಹಣೆಯವಳ ಕೈಯೂಟ ನನಗೆ ಬೇಡ ಅಂತ ಮಗನ ಹತ್ರ ಹೇಳಿದ್ರು. ಅವರೇ ಬೇಯಿಸ್ಕೊಂಡು ಮೂಲೆಯಲ್ಲಿ ಕೂತು ಉಣ್ತಿದ್ರು."

"ಮಾವ ಏನಂದ್ರು?"

"ಮಾವ ಒಳ್ಳೆಯವರು. ನಿನ್ನಿಷ್ಟ ಅಂದ್ರು."

ಸೊಪ್ಪಿನ ಕಡ್ಡಿಗಳನ್ನು ಒಂದು ಕಡೆ ಗುಡಿಸಿದರು. "ನಾನು ಬಿಟ್ಟೆ. ಯಾರೂ ಬಿಡು ಅಂತ ಹೇಳಿದ್ದಲ್ಲ, ಹಾಗಾಗಿ ಯಾರಿಗೂ ಬೈಲಿಕ್ಕೂ ಆಗ್ಲಿಲ್ಲ. ಅವತ್ತು ನೀನು ಖುಷಿಯಲ್ಲಿ ಶೂ ಕಟ್ಟಿ ಎದ್ದಿಯಲ್ಲ? ಇನ್ನು ದಿ‌ನಾ ನಾನು ಬುತ್ತಿ ಕಟ್ಟಿ ಇವಳನ್ನು ಆ ಗೇಟಿಗೆ ಕಳಿಸ್ಬೇಕಲ್ಲ ಅಂತ ಕಂಡಿತು. ಹೊಟ್ಟೆ ಉರಿದು ಹೋಯ್ತು ಮಾರಾಯ್ತಿ. ಅಷ್ಟೇ. ಬಟ್ಟಲು ಕೈಯಲ್ಲೇ ಇತ್ತು."

ಅವರ ಕಣ್ಣಲ್ಲಿ ನೀರು ಬರಲಿಲ್ಲ. ಬಂದದ್ದು ನನಗೆ. ಕಿರುಚಬೇಕೆನಿಸಿತು. ಇವರ ಕಾಲಿಗೆ ಬೀಳಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ, ಮೂರ್ಖಳ ಹಾಗೆ ಅಲ್ಲೇ ಸ್ಟೂಲಿನ ಮೇಲೆ ಕೂತು ಉಳಿದ ಸೊಪ್ಪು ಬಿಡಿಸಿದೆ. ಇವರ ಮೇಲೆ ಸಿಟ್ಟಿದೆ. ಆದರೆ ಇಷ್ಟು ದಿನದಲ್ಲಿ ನನ್ನ ಜೊತೆ ನಿಜ ಮಾತಾಡಿದ ದೊಡ್ಡವರೂ ಇವರೊಬ್ಬರೇ. ಈಗ ನಾನು ಯಾರನ್ನು ನಂಬಬೇಕು?

"ನಾಳೆ ಹೋಗ್ತೀಯಾ?" ಎಂದರು ಕೊನೆಗೆ.

ಗೊತ್ತಿಲ್ಲ ಎಂದೆ. ಸುಜಿತ್‌ಗೆ ಮೆಸೇಜು ಮಾಡಿ ಎಷ್ಟು ಹೊತ್ತಿಗೆ ಹೊರಡುತ್ತೀರಿ ಎಂದು ಮಾತ್ರ ಕೇಳಿದ್ದೇನೆ.

ಜುಲೈ ೨೧, ಸೋಮವಾರ

ಹೋದೆ. ದಿನವಿಡೀ ನಿಂತು ಕಾಲು ಮರಗಟ್ಟಿದೆ. ತಂತಿ ತುಂಡಾದರೆ ಮತ್ತೆ ಪೋಣಿಸುವುದು ನನ್ನಿಂದ ಆಗಲಿಲ್ಲ. ನಾಳೆ ಎಡಗೈ ಊರಿ ನೋಡಬೇಕು. ನಿದ್ದೆ ಎಳೆಯುತ್ತಿದೆ.

ಜುಲೈ ೨೨, ಮಂಗಳವಾರ

ತಂತಿ ಪೋಣಿಸಿದೆ! ಮಧ್ಯಾಹ್ನ ಊಟಕ್ಕೆ ಮುಂಚೆ ಒಮ್ಮೆ, ಆಮೇಲೆ ಇನ್ನೊಮ್ಮೆ. ಕೋಮತಿ ಬೆನ್ನಿಗೆ ಗುದ್ದಿದಳು. ಕಾಕ್ ರೊಹಾನಾ ಮೂರನೆಯ ತಂತಿ ಕೊಟ್ಟರು. ಅದು ತುಂಡಾಯಿತು.

ಸಂಜೆ ಮನೆಗೆ ಬಂದೆ. ಎರಡು ದಿನದಿಂದ ಅತ್ತೆಯೂ ನಾನೂ ಬೇಕಾದ್ದಕ್ಕೆ ಮಾತ್ರ ಮಾತಾಡುತ್ತಿದ್ದೆವು. ಕಾಫಿ ಲೋಟ ಮುಂದಿಟ್ಟು ಅವರು ಒಳಗೆ ಹೋಗಲಿಲ್ಲ. ಸೆರಗಿನಿಂದ ಮೇಜು ಒರೆಸಿದರು. ಮೇಜಿನ ಮೇಲೆ ಒರೆಸುವಂಥದ್ದೇನೂ ಇರಲಿಲ್ಲ.

"ಈಗಲೂ ಹೊಸಬರನ್ನು ರಾತ್ರಿ ಶಿಫ್ಟಿಗೇ ಹಾಕ್ತಾರಾ?"

ಗೊತ್ತಿಲ್ಲ, ಇನ್ನೂ ಹಾಕಿಲ್ಲ, ಎಂದೆ.

"ಯಂತ್ರ ನಿಂತ್ರೆ ಈಗಲೂ ಕೆಂಪು ದೀಪವಾ? ಯಾರು ಮೊದಲು ಓಡಿ ಬರುದು, ಟೆಕ್ನಿಷಿಯನ್ನಾ, ನೀನಾ?"

ನಾನೇ ಎಂದೆ. ಹಾಗೆ ಶುರುವಾದದ್ದು, ಕಾಫಿ ಮುಗಿದರೂ ಮುಗಿಯಲಿಲ್ಲ. ಅವರ ಕಾಲದಲ್ಲಿ ಯಂತ್ರ ಎಷ್ಟು ನಿಧಾನವಿತ್ತು, ಜೊತೆಗಿದ್ದ ಚೀನೀ ಗೆಳತಿ ಮಾಸ್ಕಿನೊಳಗೆ ಹೇಗೆ ಹಾಡುತ್ತಿದ್ದಳು, ಎಲ್ಲ ಹೇಳಿದರು. ಕುರ್ಚಿಯ ತುದಿಯಲ್ಲಿ ಕೂತಿದ್ದರು. ಅನನ್ಯ ಫೋನಿನಿಂದ ತಲೆಯೆತ್ತಿ ನೋಡುತ್ತಿದ್ದವಳು, "ಅಮ್ಮಾ, ಯು ವರ್ಕ್ಡ್ ದೇರ್? ಹೌ ಕಮ್ ಯು ನೆವರ್ ಟೋಲ್ಡ್ ಮಿ?" ಎಂದಳು.

"ನೀನು ಕೇಳ್ಲಿಲ್ಲ" ಎಂದರು ಅತ್ತೆ. ಆಚೆ ಪೇಪರ್ ಹಿಡಿದು ಕೂತಿದ್ದ ಮಾವ ಪುಟ ತಿರುಗಿಸಲಿಲ್ಲ.

ನಾಳೆಯಿಂದ ಬುತ್ತಿ ಬೇಡ, ಕ್ಯಾಂಟೀನಿನಲ್ಲಿ ತಿನ್ನುತ್ತೇನೆ, ಎಂದೆ. ಅವರಿಗೆ ಕಷ್ಟವಾಗುವುದು ಬೇಡವೆಂದೇ ಹೇಳಿದ್ದು. "ನಾಸಿ ಲೆಮಾಕ್ ಅನ್ನ ತಗೊಳ್ಬೇಡ, ಅದರಲ್ಲಿ ಒಣ ಮೀನು ಇರ್ತದೆ. ಹೇಳಿದ್ರೆ ತೆಗೆದು ಕೊಡ್ತಾರೆ, ಆದ್ರೆ ಸಾಂಬಾಲ್ ಚಟ್ನಿಯಲ್ಲೂ ಇರ್ತದೆ" ಎಂದರು. ಬುತ್ತಿ ಕಟ್ಟುತ್ತೇನೆ ಎಂದೂ ಹೇಳಲಿಲ್ಲ, ಕಟ್ಟುವುದಿಲ್ಲ ಎಂದೂ ಹೇಳಲಿಲ್ಲ.

ಅಷ್ಟರಲ್ಲಿ ಅಪ್ಪನ ಫೋನ್ ಬಂತು, ಅತ್ತೆಯ ಫೋನಿಗೆ. ಸ್ಪೀಕರಿನಲ್ಲೇ ಕೇಳಿಸಿತು. "ವಾರಿಜಾ, ನಾಳೆ ಕಡೇ ದಿನ ಅಲ್ವಾ? ಎಲ್ಲಿಗೆ ಬಂತು ಅವಳದ್ದು?"

ಅತ್ತೆ ನನ್ನ ಮುಖ ನೋಡಿದರು. "ಅಣ್ಣಾ, ನೀನು ಹೇಳಿದ ಕೆಲಸ ಒಂದ್ಸಲ ಮಾಡಿದೆ. ಇನ್ನು ನನ್ನಿಂದ ಆಗುದಿಲ್ಲ. ಅವಳು ಇಲ್ಲೇ ಇದ್ದಾಳೆ, ಅವಳ ಹತ್ರವೇ ಮಾತಾಡು" ಎಂದು ಫೋನನ್ನು ನನ್ನ ಕೈಗೆ ಕೊಟ್ಟರು. ಕೊಟ್ಟು ಅಲ್ಲೇ ನಿಂತರು.

ಅಪ್ಪ ಗಂಟಲು ಸರಿಮಾಡಿಕೊಂಡರು. "ಅಲ್ಲಿ ಕೆಲಸ ಕೊಟ್ರಾ ಮಗಾ?"

"ಇಲ್ಲ ಅಪ್ಪ. ಶುಕ್ರವಾರ ಹೇಳ್ತಾರೆ. ಕೊಡದೆಯೂ ಇರಬಹುದು."

"ಮತ್ತೆ ಕೈಯಲ್ಲಿರುವ ಸೀಟು ಬಿಡುದಾ? ಸಿಂಗಾಪುರಕ್ಕೆ ಎಂತ ಕಡಿಮೆ ಆದದ್ದು, ಅದನ್ನಾದ್ರೂ ಹೇಳು."

ಮೂರು ವಾರದಿಂದ ಹೊತ್ತು ತಿರುಗಿದ ಹೋಲಿಕೆಗಳಲ್ಲಿ ಒಂದನ್ನಾದರೂ ಹೇಳೋಣವೆಂದು ಹುಡುಕಿದೆ. ಒಂದೂ ಬಾಯಿಗೆ ಬರಲಿಲ್ಲ.

"ಸಿಂಗಾಪುರಕ್ಕೆ ಏನೂ ಕಡಿಮೆ ಇಲ್ಲ ಅಪ್ಪ. ಮೂರನೇ ತಂತಿ ತುಂಡಾಯ್ತು. ನಾಳೆ ಏಳು ಗಂಟೆಗೆ ಗೇಟಿನಲ್ಲಿರಬೇಕು, ನಾನು ಊಟ ಮಾಡಿ ಮಲಗ್ತೇನೆ."

ಅಪ್ಪನಿಗೆ ಯಾವ ತಂತಿ ಎಂದು ಅರ್ಥವಾಗಿರಲಾರದು. "ಹುಷಾರು" ಎಂದರು.

ಸಿಂಗಾಪುರದವರಿಗೆ ಬರುವುದಿಲ್ಲವೆಂದು ಬರೆದು ಕಳಿಸಿದೆ. ಎರಡೇ ಸಾಲು. ಇಷ್ಟು ದೊಡ್ಡ ನಿರ್ಧಾರವನ್ನು ಜನ ಹೇಗೆ ಮಾಡುತ್ತಾರೋ, ನನಗಂತೂ ಇನ್ನೂ ತಿಳಿಯುತ್ತಿಲ್ಲ. ತಲೆ ಬಂದ ದಿನದಷ್ಟೇ ಗೊಂದಲವಾಗಿದೆ. ಎಡಗೈಯನ್ನು ಇನ್ನೂ ಸ್ವಲ್ಪ ಕೆಳಗೆ ಊರಿದರೆ ತಂತಿ ನಿಲ್ಲಬಹುದು.